ಬರೇ ಒಂದು ತಾಸ್ ರೀ!

ಹರಪನಹಳ್ಳಿ ಕಡೆಯೋರು ಬೆಂಗಳೂರಿಗೆ ವಿಮಾನದಾಗ ಹೋಗಿ ಬಂದ್ರೆ ನೀವು ಕೇಳೋದೇ ಬ್ಯಾಡ, ತಾವೇ ಹೇಳ್ತಾರೆ. 'ಬರೇ ಒಂದು ತಾಸ್ ರೀ, ಚಾ ಕುಡಿಯೋದ್ರಾಗ ಇಳಿದೇ ಬಿಟ್ವಿ!' (ಅತ್ಲಾಗ ಇತ್ಲಾಗ ಏನ್ ನೋಡ್ತೀರಿ? ನಿಮಗೇ ಹೇಳ್ತಿರೋದು.)

ಅಲ್ರೀ, ಆ ವಿಮಾನ ನಮ್ಮ ಬಸ್ ಸ್ಟ್ಯಾಂಡಿನಿಂದ ಮ್ಯಾಲೆದ್ದಿತ್ತೇನು? ಸುತ್ತ ಇರೋ ವಿಮಾನ ನಿಲ್ದಾಣ ಅಂದ್ರೆ ಹುಬ್ಬಳ್ಳಿ, ಶಿವಮೊಗ್ಗ, ತೋರಣಗಲ್ಲಿನ ವಿದ್ಯಾನಗರ. ನಕ್ಷೆ ಮ್ಯಾಲೆ ನೆಟ್ಟಗೆ ಗೆರೆ ಎಳೆದ್ರೆ ವಿದ್ಯಾನಗರ 80 ಕಿ.ಮೀ. ಆಸುಪಾಸು, ಉಳಿದೆರಡೂ ನೂರು ದಾಟ್ತಾವು. ನಮ್ಮ ರಸ್ತೆ ಗೆರೆ ಎಳೆದಂಗ ಎಲ್ಲೈತಿ ಹೇಳ್ರಿ! (ಊರು ಮಾತ್ರ ಕೂತಲ್ಲೇ ತಿರುಗೈತಿ: ಬಳ್ಳಾರಿ ಜಿಲ್ಲೆ, 1997ರಿಂದ ದಾವಣಗೆರೆ, ಮತ್ತೆ ಬಳ್ಳಾರಿ, ಈಗ ವಿಜಯನಗರ. ಟಿಕೆಟ್ಟೇ ಇಲ್ಲ!)

ಶಿವಮೊಗ್ಗದ್ದೇ ಲೆಕ್ಕ ಹಾಕೋಣ ಬರ್ರಿ. 2023ರ ಆಗಸ್ಟ್ 31ಕ್ಕೆ ಬೆಂಗಳೂರಿಂದ ಅಲ್ಲಿಗೆ ವಿಮಾನ ಶುರುವಾತು, ರೆಕ್ಕಿಗೊಂದು ಫ್ಯಾನ್ ಇರೋ ಎಟಿಆರ್. ಆಕಾಶದಾಗ ದೂರ ಸುಮಾರು 240 ಕಿ.ಮೀ., ಅದರ ಓಟ ತಾಸಿಗೆ 500ರ ಹತ್ರ. ಅರ್ಧ ತಾಸಿನ ದಾರಿ. ಟಿಕೆಟ್ಟಿನ ಮ್ಯಾಲೆ ಮಾತ್ರ ತಾಸಿನ ಮ್ಯಾಲೆ ಹಾಕಿರ್ತಾರೆ, ಯಾಕೆ?

ಯಾಕಂದ್ರೆ ಕಂಪನಿಯೋರ ಗಡಿಯಾರ ಹಾರಿದಾಗ ಶುರುವಾಗಲ್ಲ, ನಿಂತ ಜಾಗದಿಂದ ಚಕ್ರ ಅಲುಗಿದಾಗಲೇ ಶುರು. ರನ್‌ವೇ ತನಕ ತೆವಳೋದು, ಬೆಂಗಳೂರಾಗ ಪಾಳಿ ಕಾಯೋದು, ಏರೋದು, ಇಳಿಯೋದು, ಮತ್ತೆ ತೆವಳಿ ನಿಲ್ಲೋದು, ಎಲ್ಲಾ ಅದ್ರಾಗೇ. ಕಂಪನಿಯೋರು ತೆವಳಿದ್ದನ್ನೂ ಪ್ರಾಮಾಣಿಕವಾಗಿ ಬರೀತಾರೆ. ನೀವು?

ನೀವು ಹರಿಹರ, ಹೊನ್ನಾಳಿ ದಾಟಿದ್ದು ಬಿಟ್ರಿ. ಕೌಂಟರ್ ಮುಚ್ಚೋದು ಹಾರೋಕೆ ಒಂದು ತಾಸು ಮೊದ್ಲು ಅಂತ ಭಾಮೈದ ಹೇಳಿದ್ದಕ್ಕೆ ಮೂರು ತಾಸು ಮೊದ್ಲೇ ಹೋಗಿ ಕೂತದ್ದೂ ಬಿಟ್ರಿ. ಹದಿನೈದು ಕೆಜಿ ಮೀರಿದ ಬ್ಯಾಗನ್ನ ಎಲ್ಲರ ಮುಂದೆ ಬಿಚ್ಚಿ, ರೊಟ್ಟಿ ಗಂಟು ಹೆಂಡ್ತಿ ಕೈಗೆ ಕೊಟ್ಟು, ಸ್ವೆಟರ್ ಮ್ಯಾಲೆ ಸ್ವೆಟರ್ ಹಾಕ್ಕೊಂಡದ್ದು? (ಮೇ ತಿಂಗಳಾಗ! ಯಾರೂ ನೋಡಿಲ್ಲ ಬಿಡ್ರಿ.)

ಇನ್ನು ಚಕ್ರ ನೆಲ ಮುಟ್ಟಿದ ಕೂಡ್ಲೇ ಎದ್ದು ಬಗ್ಗಿ ನಿಲ್ತೀರಲ್ಲ, ಬಾಗಿಲು ತೆಗೆಯೋದು ನಿಮಗೊಬ್ಬರಿಗೇ ಏನು? ದೇವನಹಳ್ಳಿಯಿಂದ ಮೆಜೆಸ್ಟಿಕ್ಕಿಗೆ 35 ಕಿ.ಮೀ. ಇನ್ನೂ ಬಾಕಿ ಐತಿ. ಎಲ್ಲಾ ಕೂಡಿಸ್ರಿ. ಅಷ್ಟೊತ್ತಿಗೆ ನಮ್ಮೂರ ಕೆಂಪು ಬಸ್ಸು ಮೆಜೆಸ್ಟಿಕ್ ಮುಟ್ಟಿ, ಡ್ರೈವರ್ ಮುಖ ತೊಳ್ಕೊಂಡು ಇಡ್ಲಿ ತಿಂತಿರ್ತಾನೆ.

ಚಾ ಕುಡಿಯೋದ್ರಾಗ ಇಳಿಯೋದು ಅಂದ್ರೆ ಇದು ನೋಡ್ರಿ: ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳಾಗ ವೆಸ್ಟ್‌ರೇಯಿಂದ ಪಾಪಾ ವೆಸ್ಟ್‌ರೇಗೆ ಒಂದು ವಿಮಾನ ಐತಿ. ದೂರ 2.7 ಕಿ.ಮೀ., ಟೈಮು ಎರಡು ನಿಮಿಷ, ಗಾಳಿ ಒದಗಿ ಬಂದಾಗ 53 ಸೆಕೆಂಡಿನಾಗೂ ಮುಟ್ಟೈತಿ. ವೇಳಾಪಟ್ಟಿ ಪ್ರಕಾರ ಹಾರೋ ವಿಮಾನಗಳಾಗ ಜಗತ್ತಿನಾಗೇ ಸಣ್ಣ ಪ್ರಯಾಣ. ನಿಮ್ಮನ್ನ ಅದ್ರಾಗ ಕೂಡಿಸಬಾರ್ದು, ರೆಕ್ಕಿ ಫೋಟೋ ಸ್ಟೇಟಸ್‌ಗೆ ಏರೋ ಮೊದ್ಲೇ ಇಳಿಸಿಬಿಡ್ತಾರೆ.

ಅಂದಂಗ, ಬ್ಯಾಗಿನ ಹಿಡಿಗೆ ಅಂಟಿಸಿದ ಆ ಬಿಳೀ ಚೀಟಿ ಇನ್ನೂ ಯಾಕ್ರೀ ಕಿತ್ತಿಲ್ಲ? ಕೊಟ್ಟೂರು ತೇರಿಗೂ ಅದೇ ಬ್ಯಾಗು ತಂದಿದ್ರಿ, ಚೀಟಿ ಕಾಣೋ ಕಡೆ ಮುಂದೆ ಮಾಡಿ!