ಗೌರಿಯ ರಕ್ತದೊತ್ತಡ

ಶುಶ್ರೂಷಾವಿದ್ಯೆಯನ್ನು ಬೋಧಿಸಿ ಹೊಟ್ಟೆ ಹೊರೆಯುವ ನಮ್ಮಂಥವರಿಗೆ ವೇದವಾಕ್ಯವೆಂಬುದು ಒಂದೇ: ಬರೆದಿಡದ ಕೆಲಸ ಮಾಡದ ಕೆಲಸ. ರೋಗಿಗೆ ಮಾತ್ರೆ ನುಂಗಿಸಿ, ಹಾಸಿಗೆ ಬದಲಿಸಿ, ಬೆನ್ನಿಗೆ ಪೌಡರು ಹಚ್ಚಿ, ರಾತ್ರಿಯೆಲ್ಲ ಅವನ ಕೈ ಹಿಡಿದು ಕುಳಿತಿದ್ದರೂ, ಬೆಳಗ್ಗೆ ಡ್ಯೂಟಿ ಬದಲಾಗುವುದರೊಳಗೆ ಅದನ್ನು ಹಾಳೆಯ ಮೇಲೆ ಕಾಣಿಸದಿದ್ದರೆ ಆ ಪುಣ್ಯವೆಲ್ಲ ಚಿತ್ರಗುಪ್ತನ ಲೆಕ್ಕಕ್ಕೆ ಸೇರೀತೇ ಹೊರತು ಆಸ್ಪತ್ರೆಯ ಲೆಕ್ಕಕ್ಕೆ ಸೇರದು. ಈ ಮಂತ್ರವನ್ನು ವರ್ಷವರ್ಷವೂ ಹೊಸ ಹುಡುಗಿಯರ ಕಿವಿಯಲ್ಲಿ ಊದುತ್ತ ಬಂದ ನನಗೆ, ಅದನ್ನು ತಿರುವಿ ಹಾಕಿದರೆ ಇನ್ನೊಂದು ಮಂತ್ರ ಸಿದ್ಧವಾಗುವುದೆಂದು, ಅರ್ಥಾತ್ ಬರೆದಿಟ್ಟದ್ದೆಲ್ಲ ಮಾಡಿದ್ದೇ ಆಗಿಬಿಡುವುದೆಂದು, ಹೊಳೆದಿರಲಿಲ್ಲ. ಹೊಳೆಯಿಸಿದವಳು ಮೂರನೆಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅದಕ್ಕೆ ಸಾಕ್ಷಿಯಾಗಿ ನಿಂತವಳು ಗೌರಿ.

ವಿದ್ಯಾರ್ಥಿನಿಯ ಹೆಸರನ್ನು ಬಯಲಿಗೆಳೆಯುವುದು ಗುರುಧರ್ಮವಲ್ಲವಾದುದರಿಂದ ಆಕೆಯ ಗುಣಗಳನ್ನಷ್ಟೇ ಹೇಳುತ್ತೇನೆ. ಅಕ್ಷರ ಮುತ್ತಿನಂಥದು. ಶೀರ್ಷಿಕೆಗೆ ಕೆಂಪು ಶಾಯಿ, ಅಡಿಗೆರೆಗೆ ಹಸುರು ಶಾಯಿ, ಅಂಚಿಗೆ ಪೆನ್ಸಿಲಿನ ಚೌಕಟ್ಟು. ಒಟ್ಟಿನಲ್ಲಿ ಆಕೆಯ ರೆಕಾರ್ಡ್ ಪುಸ್ತಕವನ್ನು ಕೈಗೆತ್ತಿಕೊಂಡರೆ ಕಣ್ಣಿಗೊತ್ತಿಕೊಳ್ಳಬೇಕೆನ್ನಿಸುವುದು. ಒಳಗಿನ ವಿಷಯ ಮಾತ್ರ ಹಿಂದಿನ ವರ್ಷದ ಅಕ್ಕಂದಿರ ಪ್ರಸಾದ. ಅಂಡವಾಯುವಿನ ಶಸ್ತ್ರಚಿಕಿತ್ಸೆಯಾಗಿ ಮಲಗಿದ್ದ ಅರವತ್ತರ ವೃದ್ಧರೊಬ್ಬರಿಗೆ, ಎರಡು ಗಂಟೆಗೊಮ್ಮೆ ಮಗುವಿಗೆ ಹಾಲೂಡಿಸುವಂತೆ ತಿಳಿವಳಿಕೆ ನೀಡಲಾಯಿತೆಂದೂ, ಅವರು ಅದಕ್ಕೆ ಸಂತೋಷದಿಂದ ಒಪ್ಪಿದರೆಂದೂ ಆಕೆ ಬರೆದಿದ್ದಳು. ಕೇಳಿದರೆ, "ಪುಟ ಅಂಟಿಕೊಂಡಿತ್ತು ಮೇಡಂ" ಎಂಬ ಉತ್ತರ. ಯಾವ ಪುಟಕ್ಕೆ ಯಾವ ಪುಟ ಅಂಟಿಕೊಂಡಿತ್ತೆಂದು ಕೇಳುವ ಧೈರ್ಯ ನನಗಾಗಲಿಲ್ಲ.

ಇಂಥವಳನ್ನೂ ಇನ್ನಿತರರನ್ನೂ ಕಟ್ಟಿಕೊಂಡು ಕಮ್ಯುನಿಟಿ ಪೋಸ್ಟಿಂಗ್ ನಿಮಿತ್ತ ತಿಪ್ಪಸಂದ್ರಕ್ಕೆ ಬಂದೆನು. ತಿಪ್ಪಸಂದ್ರವೆಂದೊಡನೆ ಬೆಂಗಳೂರಿನವರಿಗೆ ಎಚ್.ಎ.ಎಲ್. ಬಳಿಯ ಹೊಸ ತಿಪ್ಪಸಂದ್ರವೇ ನೆನಪಾಗುವುದು. ನಾನು ಹೇಳುತ್ತಿರುವುದು ಮಾಗಡಿ ತಾಲ್ಲೂಕಿನ ಹೋಬಳಿ ಕೇಂದ್ರವನ್ನು. 1986ರಲ್ಲಿ ಬೆಂಗಳೂರು ಗ್ರಾಮಾಂತರ, 2007ರಲ್ಲಿ ರಾಮನಗರ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಜಿಲ್ಲೆಯ ನಾಮಕರಣವೇ ಮೇಲಿಂದ ಮೇಲೆ ನಡೆಯುತ್ತಿದ್ದರೂ ಊರು ಮಾತ್ರ ತನ್ನ ರಾಗಿ ಹೊಲಗಳ ನಡುವೆ ನಿಂತಲ್ಲಿಯೇ ನಿಂತಿದೆ. ಮೊದಲ ದಿನ ನಮ್ಮ ಶಿಷ್ಯೆ ಬರಲಿಲ್ಲ. ಮರುದಿನ ಬಂದು, ತಾನು ಎಚ್.ಎ.ಎಲ್. ಪಕ್ಕದ ತಿಪ್ಪಸಂದ್ರಕ್ಕೆ ಹೋಗಿ ಸಂಜೆಯವರೆಗೆ ನಮ್ಮನ್ನು ಹುಡುಕಿದೆನೆಂದಳು. ಸುಳ್ಳಾದರೂ ಭೂಗೋಳಕ್ಕೆ ಸಮ್ಮತವಾಗಿತ್ತು, ಒಪ್ಪಿಕೊಂಡೆ.

ಕೆಲಸವಿಷ್ಟೆ: ಒಬ್ಬೊಬ್ಬರಿಗೂ ಕೆಲವು ಮನೆಗಳನ್ನು ಹಂಚಿ, ಮನೆಮಂದಿಯ ಹೆಸರು, ವಯಸ್ಸು, ಆಹಾರ, ವಿದ್ಯೆ, ರೋಗರುಜಿನ, ಮೈಬಿಸಿ, ನಾಡಿ, ಉಸಿರು, ರಕ್ತದೊತ್ತಡಗಳನ್ನು ಬರೆಯಿಸಿ ಫ್ಯಾಮಿಲಿ ಫೋಲ್ಡರ್ ಸಿದ್ಧಪಡಿಸುವುದು. ಉಳಿದ ಹುಡುಗಿಯರು ಬಿಸಿಲಿನಲ್ಲಿ ಬೆಂದು ಸಂಜೆಗೆ ಅರ್ಧ ಕೆಲಸ ಮುಗಿಸುವ ಹೊತ್ತಿಗೆ, ನಮ್ಮವಳು ಮಧ್ಯಾಹ್ನದ ಊಟಕ್ಕೆ ಮುಂಚೆಯೇ ತನ್ನ ಪಾಲಿನ ಮನೆಗಳನ್ನೆಲ್ಲ ಮುಗಿಸಿ, ಅರಳಿಕಟ್ಟೆಯ ಮೇಲೆ ಕುಳಿತು ಚೌಕಟ್ಟು ಎಳೆಯುತ್ತಿದ್ದಳು. ಪುಸ್ತಕವನ್ನು ತೆಗೆದುಕೊಂಡು ನೋಡಿದೆ. ಆಕೆಯ ಸರ್ವೆಯ ಪ್ರಕಾರ ಎಂಬತ್ತರ ಮುದುಕರಿಂದ ಮೊದಲ್ಗೊಂಡು ಮದುವೆಯಾಗದ ತರುಣರವರೆಗೆ ಎಲ್ಲರ ರಕ್ತದೊತ್ತಡವೂ 120/80, ಮೈಬಿಸಿ 98.6, ನಾಡಿ 72, ಉಸಿರು 18. ರಾಜ್ಯದಲ್ಲಿ ಎಲ್ಲಿಯೂ ಕಾಣದ ಸಮಾನತೆ ಆ ಬೀದಿಯಲ್ಲಿ ನೆಲೆಸಿತ್ತು. ಇದೇ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಹುಟ್ಟಿದ ಸಿದ್ಧಗಂಗೆಯ ಶಿವಕುಮಾರ ಸ್ವಾಮಿಗಳು ನೂರಹನ್ನೊಂದು ವರ್ಷ ಬಾಳಿದ್ದನ್ನು ನೆನೆದು, ಇದು ಈ ಮಣ್ಣಿನ ಮಹಿಮೆಯೇ ಇದ್ದೀತೇನೋ ಎಂದು ಒಂದು ಕ್ಷಣ ಸಮಾಧಾನ ತಂದುಕೊಳ್ಳಲು ಯತ್ನಿಸಿದೆನಾದರೂ, ನನ್ನ ದೃಷ್ಟಿ ಒಂದು ಸಾಲಿನ ಮೇಲೆ ನೆಟ್ಟು ನಿಂತಿತು.

"ಗೌರಿ. ಹೆಣ್ಣು. 7 ವರ್ಷ. ಸಸ್ಯಾಹಾರಿ. ಶಾಲೆಗೆ ಹೋಗುವುದಿಲ್ಲ. ಬಿ.ಪಿ. 120/80."

ಬಲ್ಲವರಿಗೆ ಹೇಳಬೇಕಾದುದಿಲ್ಲ, ಏಳು ವರ್ಷದ ಮಗುವಿನ ಮೇಲಿನ ಒತ್ತಡ ನೂರರ ಆಸುಪಾಸಿನಲ್ಲಿರತಕ್ಕದ್ದು. ದೊಡ್ಡವರಲ್ಲಿ ಆರೋಗ್ಯದ ಲಾಂಛನವಾದ 120/80 ಅಷ್ಟು ಎಳೆಯ ಕೂಸಿನಲ್ಲಿ ಕಂಡರೆ, ಗಂಟಲುನೋವೋ ಕಜ್ಜಿಯೋ ಆಗಿಹೋದ ಮೇಲೆ ಮೂತ್ರಪಿಂಡವೇನಾದರೂ ಕೆಟ್ಟಿದೆಯೇ ಎಂದು ನೋಡಬೇಕಾಗುವುದು. ಅದರ ಮೇಲೆ ಶಾಲೆಯಿಲ್ಲ! ಪುಸ್ತಕವೇ ಸುಳ್ಳೆಂದು ಅರ್ಧ ತಿಳಿದಿದ್ದ ನನಗೆ, ಆ ಒಂದು ಸಾಲು ಮಾತ್ರ ಹೇಗೆ ಪರಮಸತ್ಯವಾಗಿ ಕಂಡಿತೋ, ಮುತ್ತಿನಂಥ ಅಕ್ಷರಕ್ಕೇ ಗೊತ್ತು. ಎರಡು ಜಡೆ ಹಾಕಿದ, ಮುಖ ಊದಿಕೊಂಡ, ಪಾಟಿಚೀಲವಿಲ್ಲದ ಒಂದು ಹೆಣ್ಣುಮಗು ನನ್ನ ಕಣ್ಣೆದುರು ಬಂದು ನಿಂತಿತು. ಶಿಷ್ಯೆಯನ್ನು ಮುಂದಿಟ್ಟುಕೊಂಡು, ಕಮ್ಯುನಿಟಿ ಬ್ಯಾಗನ್ನು ಅವಳ ಹೆಗಲಿಗೇರಿಸಿ, ಆ ಮನೆಗೆ ನಡೆದೆನು. ಮನೆ ಯಾವುದೆಂಬುದು ಅವಳಿಗೆ ಚೆನ್ನಾಗಿ ನೆನಪಿರಲಿಲ್ಲವೆಂಬುದನ್ನು ನಾನು ಗಮನಿಸಬೇಕಾಗಿತ್ತು.

ಜಗಲಿಯಲ್ಲಿ ಅಜ್ಜಿಯೊಬ್ಬರು ಎಲೆಅಡಿಕೆ ಕುಟ್ಟುತ್ತಿದ್ದರು. ಉಪಚಾರದ ಮಾತಿಗೂ ವ್ಯವಧಾನವಿಲ್ಲದೆ ಕೇಳಿದೆ: "ಅಜ್ಜಿ, ಗೌರಿ ಎಲ್ಲಿ?"

"ಒಳಗವ್ಳೆ. ಯಾಕವ್ವ?"

"ಅವಳನ್ನು ಶಾಲೆಗೇಕೆ ಕಳಿಸಿಲ್ಲ?"

ಅಜ್ಜಿ ಕುಟ್ಟುವುದನ್ನು ನಿಲ್ಲಿಸಿ, ನನ್ನ ಮುಖವನ್ನೂ ನನ್ನ ಬಿಳಿಯ ಕೋಟನ್ನೂ ನೋಡಿ, "ಗೌರೀನಾ? ಇಸ್ಕೂಲಿಗಾ?" ಎಂದರು.

"ಹೌದು. ಏಳು ವರ್ಷವಾಯಿತಲ್ಲ."

"ಅವಳು ಇಸ್ಕೂಲಿಗೋದ್ರೆ ಈ ಮನೆ ಎಂಗವ್ವ ನಡೆಯೋದು? ಎಲ್ಡೊತ್ತೂ ಅವಳ ದುಡಿಮೇಲೇ ನಾವು ಉಣ್ತಿರೋದು."

ಇದಕ್ಕಿಂತ ಹೆಚ್ಚಿನ ಆಹ್ವಾನ ಬೋಧಕಿಗೆ ಬೇಕೆ? ಬಾಲದುಡಿಮೆಯನ್ನು ನಿಷೇಧಿಸಿದ 1986ರ ಕಾಯಿದೆಯಿಂದ ಪ್ರಾರಂಭಿಸಿ, ಆರರಿಂದ ಹದಿನಾಲ್ಕು ವರ್ಷದ ಪ್ರತಿಯೊಂದು ಮಗುವಿಗೂ ಶಿಕ್ಷಣವನ್ನು ಹಕ್ಕಾಗಿಸಿದ 2009ರ ಕಾಯಿದೆಯವರೆಗೆ, ನಡುವೆ ಬಿಸಿಯೂಟ, ಸಮವಸ್ತ್ರ, ಬೈಸಿಕಲ್ಲುಗಳನ್ನು ಸ್ಪರ್ಶಿಸುತ್ತ, ಹೆಣ್ಣು ಕಲಿತರೆ ಮನೆಯೇ ಕಲಿತಂತೆಂದು ಮುಗಿಯುವ ಒಂದು ಉಪನ್ಯಾಸವನ್ನು ಆ ಜಗಲಿಯ ಮುಂದೆ ನಿಂತು ಮಾಡಿದೆನು. ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬಂದರು. ಶಿಷ್ಯೆ ತಲೆದೂಗಿದಳು. ಅಜ್ಜಿ ಶ್ರದ್ಧೆಯಿಂದ ಕೇಳಿ, ಕೊನೆಗೆ, "ಅವಳಿಗೆ ಅದೆಲ್ಲ ತಲೆಗೆ ಹತ್ತಾಕಿಲ್ಲ ಕಣವ್ವ" ಎಂದರು.

"ಹಾಗೆನ್ನಬಾರದು ಅಜ್ಜಿ. ಪ್ರೀತಿಯಿಂದ ಹೇಳಿಕೊಟ್ಟರೆ ಎಲ್ಲರೂ ಕಲಿಯುತ್ತಾರೆ. ನೀವು ಹೊಡೆಯುತ್ತೀರೋ ಹೇಗೆ?"

"ಒಂದೆಲ್ಡು ಏಟು ಹಾಕ್ದೆ ಎಲ್ಲಿ ಮಾತು ಕೇಳ್ತಾಳೆ? ಮೊನ್ನೆ ಪಕ್ಕದೋರ ಹೊಲಕ್ಕೆ ನುಗ್ಗಿದ್ಲು. ಅದ್ಕೇ ಕಟ್ಟಾಕಿವ್ನಿ."

"ಕಟ್ಟಿಹಾಕಿದ್ದೀರಾ!"

"ಇನ್ನೇನವ್ವ, ತೊಡೆ ಮ್ಯಾಲೆ ಕೂರಿಸ್ಕಳನಾ?"

ನನ್ನ ಕಂಠ ಗದ್ಗದವಾಯಿತು. ಪೊಲೀಸರಿಗೆ ಹೇಳಬೇಕೆ, ಮಕ್ಕಳ ಸಹಾಯವಾಣಿ 1098ಕ್ಕೆ ಹೇಳಬೇಕೆ ಎಂಬ ಜಿಜ್ಞಾಸೆಯಲ್ಲಿ ನಾನಿರುವಾಗ, ಅಜ್ಜಿ ಎದ್ದು, "ಬಾರವ್ವ, ನೀನೇ ಬಿಚ್ಚಿ ಕರ್ಕೊಂಡೋಗಿ ಸೇರಿಸಿಬುಡು" ಎಂದು ನಡುಮನೆಯನ್ನು ಹಾಯಿಸಿ ಹಿತ್ತಿಲಿಗೆ ಕರೆದೊಯ್ದರು. ಅವರಿಗೆ ಸಂಗತಿ ಮೊದಲಿಗೇ ಅರ್ಥವಾಗಿತ್ತೋ, ಉಪನ್ಯಾಸದ ನಡುವೆ ಅರ್ಥವಾಯಿತೋ, ನಾನು ಇಂದಿಗೂ ನಿರ್ಧರಿಸಲಾರೆ. ಆದರೆ ಅವರ ಬೆನ್ನು ಕುಲುಕುತ್ತಿದ್ದುದನ್ನು ನಾನು ಅಳುವೆಂದು ತಿಳಿದಿದ್ದೆ. ಕೊಟ್ಟಿಗೆಯಲ್ಲಿ ಕಪ್ಪುಬಿಳುಪಿನ ಸೀಮೆಹಸುವೊಂದು, ಡೈರಿಗೆ ಎರಡು ಹೊತ್ತು ಹಾಲು ಹಾಕಿಸಿ ಸಂಸಾರವನ್ನು ಸಾಕುವ ಗೃಹಿಣಿಯ ಗಾಂಭೀರ್ಯದಿಂದ, ಮೆಲುಕಾಡುತ್ತ ನಿಂತಿತ್ತು.

ಮೌನವನ್ನು ಮುರಿದವಳು ಶಿಷ್ಯೆ. "ಸಸ್ಯಾಹಾರಿ ಅಂತ ಬರೆದಿದ್ದೀನಲ್ಲ ಮೇಡಂ" ಎಂದಳು.

ನಡೆದದ್ದಿಷ್ಟು. ಕಟ್ಟೆಯ ಬಳಿ ಆಡುತ್ತಿದ್ದ ಆ ಮನೆಯ ಹುಡುಗನನ್ನು ಕರೆದು, ಮನೆಯಲ್ಲಿ ಯಾರು ಯಾರಿದ್ದೀರೆಂದು ಕೇಳಿದ್ದಳು. ಅವನು ಅಜ್ಜಿ, ಅಪ್ಪ, ಅವ್ವ, ನಾನು, ಗೌರಿ ಎಂದು ಧರ್ಮವಾಗಿ ಎಣಿಸಿದ್ದನು. ಉಳಿದದ್ದನ್ನು ಮುತ್ತಿನಕ್ಷರ ತುಂಬಿಕೊಂಡಿತ್ತು.

ಇಲ್ಲಿಗೆ ನಾನು ಹಿಂದಿರುಗಿದ್ದರೆ ಮರ್ಯಾದೆ ಸ್ವಲ್ಪವಾದರೂ ಉಳಿಯುತ್ತಿತ್ತು. ಆದರೆ ನಗುತ್ತಿರುವ ಬೀದಿಯ ಎದುರಿಗೆ ಅಧ್ಯಾಪಕಿಯಾದವಳು ಏನನ್ನಾದರೂ ಬೋಧಿಸದೆ ಹೊರಡುವುದು ಹೇಗೆ? "ಬರೆದಿದ್ದೀಯಲ್ಲ, ಈಗ ನೋಡು" ಎಂದೆನು. ನೆಲದ ಮೇಲೆ ಪತ್ರಿಕೆ ಹಾಸಿ, ಅದರ ಮೇಲೆ ಬ್ಯಾಗಿಟ್ಟು, ಕೈ ತೊಳೆದು, ಶಾಸ್ತ್ರೋಕ್ತವಾಗಿ ಪ್ರಾರಂಭಿಸಬೇಕೆಂದು ಕಟ್ಟುನಿಟ್ಟು ಮಾಡಿದೆನು. ಕೈ ತೊಳೆದು ಬರುವಷ್ಟರಲ್ಲಿ ಗೌರಿ ಪತ್ರಿಕೆಯ ಸಂಪಾದಕೀಯವನ್ನು ಮುಗಿಸಿ ಕ್ರೀಡಾಪುಟಕ್ಕೆ ಬಂದಿದ್ದಳು. ಇದರಲ್ಲಿ ಅಶಾಸ್ತ್ರೀಯವೇನೂ ಇಲ್ಲವೆಂದು ಶಿಷ್ಯೆಗೆ ವಿವರಿಸಿದೆ. ಮನುಷ್ಯನ ತೋಳಿಗೆ ಪಟ್ಟಿ ಸುತ್ತುವ ಉಪಾಯವನ್ನು ಇಟಲಿಯ ರೀವಾ ರೋಚಿ ಕಂಡುಹಿಡಿದದ್ದು 1896ರಲ್ಲಿ; ಪಟ್ಟಿಯ ಕೆಳಗೆ ಸ್ಟೆತಸ್ಕೋಪಿಟ್ಟು ಸದ್ದು ಕೇಳಬೇಕೆಂದು ರಷ್ಯದ ಕೊರೊಟ್ಕಾಫ್ ಹೇಳಿದ್ದು 1905ರಲ್ಲಿ; ಅವರಿಬ್ಬರಿಗೂ ಬಹು ಹಿಂದೆ, ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ ಒಂದು ಹೆಣ್ಣುಕುದುರೆಯನ್ನು ಕೆಡವಿ ಕಟ್ಟಿ, ಅದರ ರಕ್ತನಾಳಕ್ಕೆ ಗಾಜಿನ ಕೊಳವೆ ಹೂಡಿ, ರಕ್ತ ಎಂಟು ಅಡಿಗೂ ಮೇಲೇರಿದ್ದನ್ನು ಅಳೆದು, 1733ರ ತನ್ನ ಗ್ರಂಥದಲ್ಲಿ ಪ್ರಕಟಿಸಿದ್ದನು. ಎಂದಮೇಲೆ ಲೋಕದಲ್ಲಿ ಮೊದಲು ಅಳೆದ ರಕ್ತದೊತ್ತಡವೇ ಕೊಟ್ಟಿಗೆಯ ಕಡೆಯದು. ಪಶುವೈದ್ಯರು ಹಸುವಿನ ಬಾಲಕ್ಕೆ ಪಟ್ಟಿ ಸುತ್ತುವುದುಂಟೆಂದು ಓದಿದ್ದ ನೆನಪಾಗಿ ಅದನ್ನೂ ಹೇಳಿದೆ. ಆದರೆ ನಮ್ಮ ಪಟ್ಟಿಯ ಬಣ್ಣವನ್ನು ಕಂಡು ಗೌರಿ ಕಾಲೆತ್ತಿದುದರಿಂದ ಆ ಪ್ರಯೋಗ ಅಲ್ಲಿಗೇ ನಿಂತಿತು.

ನಾಡಿಯನ್ನು ಮಾತ್ರ ಬಿಡಲಿಲ್ಲ. ಬಾಲದ ಬುಡದ ತಳಭಾಗದಲ್ಲಿ ಬೆರಳಿಟ್ಟರೆ ಸಿಗುತ್ತದೆ. ಅಜ್ಜಿ ಮೂಗುದಾರ ಹಿಡಿದರು; ನಾನು ಗಡಿಯಾರ ಹಿಡಿದೆ; ಬೀದಿಯ ಮಕ್ಕಳು ಉಸಿರು ಹಿಡಿದರು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಶ್ರಮವನ್ನೂ ಎಂದೂ ಪಡದ ನಮ್ಮ ಶಿಷ್ಯೆ, ಗೊರಸಿನ ಭಯದಿಂದ ಒಂದು ಕಾಲನ್ನು ಹಿಂದಿಟ್ಟು, ಸಗಣಿಯ ಭಯದಿಂದ ಇನ್ನೊಂದನ್ನು ಮುಂದಿಟ್ಟು, ತುಟಿ ಅಲ್ಲಾಡಿಸುತ್ತ, ಪೂರ್ತಿ ಒಂದು ನಿಮಿಷ ಎಣಿಸಿದಳು. "ಎಪ್ಪತ್ತೆರಡು ಮೇಡಂ" ಎಂದಳು. ಸುಳ್ಳೆಂದು ನಾನೇ ಬೆರಳಿಟ್ಟು ಎಣಿಸಿದೆ. ಎಪ್ಪತ್ತೆರಡು! ಆ ಪುಸ್ತಕದಲ್ಲೆಲ್ಲ ನಿಜವಾಗಿ ಹೊರಬಿದ್ದ ಸಂಖ್ಯೆ ಅದೊಂದೇ. ಅದೂ ಗೋವಿನ ಪುಣ್ಯದಿಂದ. ಮೈಬಿಸಿ 98.6 ಎಂದು ಬರೆದಿರುವುದನ್ನು ಓದಿ ಹೇಳಿದಾಗ ಮಾತ್ರ ಅಜ್ಜಿಗೆ ಗಾಬರಿಯಾಯಿತು. ಹಸುವಿನ ಮೈ ಸಹಜವಾಗಿ 101ರ ಮೇಲಿರುತ್ತದೆ. ಕರು ಹಾಕಿದ ಹಸುವಿಗೆ ಸುಣ್ಣದಂಶ ಕಡಮೆಯಾಗಿ ಹಾಲುಜ್ವರ ಬಂದರೆ, ಹೆಸರಿಗೆ ಜ್ವರವಾದರೂ, ಮೈ ತಣ್ಣಗಾಗಿ ಕುಸಿಯುವುದು. "ಮೈ ತಣ್ಣಗಾದ್ರೆ ಹಸ ಉಳಿಯಾಕಿಲ್ಲ, ಡಾಕ್ಟ್ರಿಗೆ ಫೋನು ಮಾಡ್ಲಾ?" ಎಂದು ಅವರು ಗೌರಿಯ ಕಿವಿ ಮುಟ್ಟಿ ನೋಡಿದರು. ಪುಸ್ತಕ ಸುಳ್ಳು, ಹಸು ಸರಿ ಎಂದು ಸಮಾಧಾನ ಹೇಳಿ ಹೊರಬಿದ್ದೆವು.

ಬಿಳಿಯ ಕೋಟಿನ ಮೇಲೆ ಸಗಣಿಯ ಮುದ್ರೆಯನ್ನು ಧರಿಸಿ, ಒಳಗೊಳಗೇ ನಗುತ್ತ, ಪಟ್ಟಿಯಲ್ಲಿದ್ದ ಮುಂದಿನ ಮನೆಗೆ ಹೋದೆನು. ಅಲ್ಲಿ ಏಳು ತಿಂಗಳ ಬಸುರಿ. ಪುಸ್ತಕದಲ್ಲಿ 120/80, ಊತ ಇಲ್ಲ. ಹುಡುಗಿಯ ಕಾಲುಂಗುರ ಬೆರಳಿನಲ್ಲಿ ಹೂತುಹೋಗಿತ್ತು. ಒತ್ತಿದರೆ ಪಾದದ ಮೇಲೆ ಗುಳಿ. ನಾನೇ ಪಟ್ಟಿ ಸುತ್ತಿ ನೋಡಿದೆ: 148/96. ಇನ್ನೊಮ್ಮೆ ನೋಡಿದೆ, ಇಳಿಯಲಿಲ್ಲ. ಈ ಸ್ಥಿತಿ ಮುಂದುವರಿದರೆ ಫಿಟ್ಸ್ ಬಂದು ತಾಯಿ, ಮಗು ಎರಡೂ ಹೋಗಬಹುದೆಂಬುದನ್ನು ತರಗತಿಯಲ್ಲಿ ನಾನು ಹೇಳಿದ್ದಾಗಲೂ ನಮ್ಮ ಶಿಷ್ಯೆ ಶೀರ್ಷಿಕೆಗೆ ಕೆಂಪು ಶಾಯಿ ಎಳೆಯುತ್ತಿದ್ದಿರಬೇಕು. ಅವಳು ಮಾಪಕದಲ್ಲಿಳಿಯುವ ಪಾದರಸವನ್ನು ನೋಡಿದಳು, ಪುಸ್ತಕವನ್ನು ನೋಡಿದಳು. ಪುಟ ಅಂಟಿಕೊಂಡಿತ್ತೆಂದು ಹೇಳಲಿಲ್ಲ. ಮಧ್ಯಾಹ್ನವೇ ಬಸುರಿಯನ್ನು ಮಾಗಡಿಗೆ ಕಳಿಸಿದೆವು. ಪರೀಕ್ಷೆಗಳಾಗಿ, ಮಾತ್ರೆ ಬರೆಯಿಸಿಕೊಂಡು, ದಿನವೂ ಒತ್ತಡ ನೋಡಿಸಬೇಕೆಂಬ ಅಪ್ಪಣೆಯೊಂದಿಗೆ ಮರಳಿದಳು.

ಪ್ರತಿ ವರ್ಷ ಮೇ 12ರಂದು ನಾವು ಫ್ಲಾರೆನ್ಸ್ ನೈಟಿಂಗೇಲಳ ಭಾವಚಿತ್ರಕ್ಕೆ ಹಾರ ಹಾಕಿ, ಬ್ಯಾಟರಿಯ ದೀಪ ಹಿಡಿದು ಪ್ರತಿಜ್ಞೆ ಮಾಡುತ್ತೇವೆ. 1854ರಲ್ಲಿ ಆಕೆ ಸ್ಕುಟಾರಿಯ ಸೇನಾ ಆಸ್ಪತ್ರೆಗೆ ಹೋದಾಗ ಸತ್ತ ಸೈನಿಕರ ಲೆಕ್ಕ ಒಂದು ದಫ್ತರದಲ್ಲಿದ್ದಂತೆ ಇನ್ನೊಂದರಲ್ಲಿರಲಿಲ್ಲವೆಂಬುದನ್ನೂ, ಆಕೆ ದೀಪ ಹಿಡಿದಷ್ಟೇ ನಿಷ್ಠೆಯಿಂದ ಅಂಕಿ ಹಿಡಿದು ಹೋರಾಡಿದಳೆಂಬುದನ್ನೂ ಹೇಳುವವರು ಕಡಮೆ. ಹೇಳಲು ನಮಗೆ ಮುಖವೆಲ್ಲಿದೆ? ತನಿಖೆಯ ದಿನಕ್ಕೆ ಮಂಚಗಳನ್ನು ಎರವಲು ತಂದು, ಬೋಧಕರನ್ನು ಬಾಡಿಗೆಗೆ ಕರೆಸಿ, ಬಾರದ ವಿದ್ಯಾರ್ಥಿಗೆ ಹಾಜರಿ ಹಾಕುವ ಶಾಲೆಗಳು ನಮ್ಮ ನಾಡಿನಲ್ಲಿ ಇಲ್ಲವೆಂದು ಯಾರೂ ಆಣೆ ಮಾಡಲಾರರು. ಇಪ್ಪತ್ತರ ಹುಡುಗಿ 120/80 ಎಂದು ಬರೆಯುವ ಮೊದಲು ದೊಡ್ಡವರು ಬರೆದ ಎಷ್ಟು 120/80ಗಳನ್ನು ನೋಡಿರುತ್ತಾಳೋ! ಈ ಮಾತನ್ನು ಆಕೆಯ ಮುಂದೆ ಆಡಲಿಲ್ಲ. ಆಡಿದ್ದರೆ ಅದನ್ನೂ ಶೀರ್ಷಿಕೆ ಸಹಿತ ಬರೆದುಕೊಳ್ಳುತ್ತಿದ್ದಳು.

ಎಲ್ಲ ಮನೆಗಳ ಸರ್ವೆಯನ್ನೂ ಮೊದಲಿನಿಂದ ಮಾಡತಕ್ಕದ್ದೆಂದೂ, ಬಸುರಿಯ ಒತ್ತಡವನ್ನು ದಿನವೂ ಆಕೆಯೇ ಹೋಗಿ ನೋಡತಕ್ಕದ್ದೆಂದೂ ಶಿಕ್ಷೆ ವಿಧಿಸಿದೆನು. ಪೋಸ್ಟಿಂಗ್ ಮುಗಿಯುವ ಹೊತ್ತಿಗೆ ಹೊಸ ಪುಸ್ತಕ ಬಂದಿತು. ಎಲ್ಲಿಯೂ 120/80 ಇಲ್ಲ. ಮೊದಲ ಮನೆಯ ಯಜಮಾನರಿಗೆ 117/73, ಅವರ ಪತ್ನಿಗೆ 131/85, ಗೌರಿಯ ಮನೆಯ ಅಜ್ಜಿಗೆ 143/79. ವೈವಿಧ್ಯವನ್ನು ಕಂಡು ಹಿಗ್ಗಿದ ನನ್ನ ಹೃದಯ ಮರುಕ್ಷಣವೇ ಕುಗ್ಗಿತು. ಏಕೆಂದರೆ ನಮ್ಮ ಮಾಪಕದಲ್ಲಿ ಗೆರೆಗಳಿರುವುದು ಎರಡೆರಡಕ್ಕೆ ಒಂದರಂತೆ. ಸರಿಸಂಖ್ಯೆಯಲ್ಲದೆ ಬೆಸಸಂಖ್ಯೆಯನ್ನು ಅದರಲ್ಲಿ ಓದಲು ಬ್ರಹ್ಮನಿಂದಲೂ ಸಾಧ್ಯವಿಲ್ಲ. ಬಸುರಿಯ ಪುಟವೊಂದರಲ್ಲಿ ಮಾತ್ರ 146/94, 142/92, 138/88 ಎಂದು ದಿನದಿನದ ಸರಿಸಂಖ್ಯೆಗಳು, ಬಣ್ಣದ ಶಾಯಿಯಿಲ್ಲದೆ, ಅವಸರದ ಅಂಕುಡೊಂಕು ಅಕ್ಷರದಲ್ಲಿ ನಿಂತಿದ್ದುವು.

ಶಿಷ್ಯೆಯನ್ನು ಕರೆದು, 117ರ ಮೇಲೆ ಬೆರಳಿಟ್ಟು, ಈ ಗೆರೆಯನ್ನು ಮಾಪಕದಲ್ಲಿ ತೋರಿಸೆಂದೆನು. ಆಕೆ ಮಾಪಕವನ್ನು ಬಹಳ ಹೊತ್ತು ಪರೀಕ್ಷಿಸಿ, ನನ್ನತ್ತ ಮುಖವೆತ್ತಿ, "ಅವರದ್ದು ಎರಡು ಗೆರೆ ಮಧ್ಯೆ ನಿಂತಿತ್ತು ಮೇಡಂ" ಎಂದಳು.