ಐಸ್‌ಕ್ರೀಂ ಡಬ್ಬಿಯೂ ನನ್ನ ಮಿದುಳೂ

"ರೀ, ಆ ಸಿಲಿಂಡರ್ ಒಂಚೂರು ಈ ಕಡೆಗೆ ಇಡಿ" ಅಂದಳು ಹೆಂಡತಿ. ಪಂಚೆ ಎತ್ತಿ ಕಟ್ಟಿದೆ. ಐವತ್ತೆಂಟರ ಸೊಂಟಕ್ಕೆ ಮುಂಚಿತವಾಗಿಯೇ ಕ್ಷಮೆ ಕೇಳಿ, ಮನಸ್ಸಿನಲ್ಲಿ ಆಂಜನೇಯನನ್ನು ನೆನೆದು, ಎರಡೂ ಕೈಯಲ್ಲಿ ಹಿಡಿದು ಎತ್ತಿದೆ. ಸಿಲಿಂಡರ್ ಎದೆಮಟ್ಟಕ್ಕೆ ಹಾರಿತು. ನಾನು ಹಿಂದಕ್ಕೆ ಮುಗ್ಗರಿಸಿ, ಅಡುಗೆಕಟ್ಟೆಗೆ ಬಡಿದು, ನೆಲದ ಮೇಲೆ ಪದ್ಮಾಸನಕ್ಕೆ ಹತ್ತಿರದ ಒಂದು ಭಂಗಿಯಲ್ಲಿ ಕೂತೆ.

"ಅದು ಖಾಲೀದು ಕಣ್ರೀ. ತುಂಬಿದ್ದು ಆಚೆ ಇದೆ. ಬೆಳಿಗ್ಗೆ ನೀವೇ ಅಲ್ವಾ ಇಡಿಸಿದ್ದು?"

ಕೈ ಮುಟ್ಟುವುದಕ್ಕೆ ಮೊದಲೇ ಮಿದುಳು ಭಾರವನ್ನು ಊಹಿಸಿ ಸ್ನಾಯುಗಳಿಗೆ ಹುಕುಂ ಕೊಟ್ಟಿರುತ್ತದೆ. ನನ್ನ ಮಿದುಳಿನ ಲೆಕ್ಕ ತಪ್ಪಿದ್ದು 14.2 ಕೆಜಿ ಮಾತ್ರ. ಮನೆಬಳಕೆಯ ಸಿಲಿಂಡರಿಗೆ ತುಂಬುವ ಗ್ಯಾಸಿನ ತೂಕ ಅಷ್ಟೇ.

ಅಷ್ಟರಲ್ಲಿ ಮೊಣಕೈ ಮೇಲೆ ಕೆಂಪಗೆ ಏನೋ ಇಳಿಯುವುದು ಕಂಡಿತು. ಅದುವರೆಗೆ ಇಲ್ಲದ ನೋವು ಆಗ ಶುರುವಾಯಿತು, ಅದೂ ಎಂಥದ್ದು, ಭುಜದವರೆಗೂ ಹತ್ತುವಂಥದ್ದು. "ಅಯ್ಯೋ, ರಕ್ತ!" ಅಂದೆ. ಅವಳು ಬಗ್ಗಿ ನೋಡಿ, "ಬೀಟ್‌ರೂಟ್ ಬೇಯಿಸಿದ ನೀರು. ಪಾತ್ರೆ ಉರುಳಿಸಿದ್ದೀರಿ" ಅಂದಳು. ನೋವು ಮರ್ಯಾದೆಯಿಂದ ಇಳಿದುಹೋಯಿತು.

ನಾನೊಬ್ಬನೇ ಹೀಗಲ್ಲ ಅನ್ನುವುದಕ್ಕೆ ದಾಖಲೆ ಇದೆ. 1995ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಪ್ರಕರಣ ಪ್ರಕಟಿಸಿತ್ತು. ಕಟ್ಟಡ ಕೆಲಸದ 29 ವರ್ಷದವನೊಬ್ಬ 15 ಸೆಂಟಿಮೀಟರಿನ ಮೊಳೆಯ ಮೇಲೆ ಜಿಗಿದಿದ್ದ. ಮೊಳೆ ಬೂಟನ್ನು ತೂರಿ ಮೇಲೆದ್ದಿತ್ತು. ಅದು ಒಂದಿಷ್ಟು ಅಲುಗಿದರೂ ಆಸಾಮಿ ಒದ್ದಾಡುತ್ತಿದ್ದ. ವೈದ್ಯರು ಮಂಪರು ಬರಿಸುವ ಮದ್ದು, ನೋವಿನ ಮದ್ದು ಎಲ್ಲ ಕೊಟ್ಟು ಬೂಟು ಬಿಚ್ಚಿದರೆ ಮೊಳೆ ಎರಡು ಬೆರಳುಗಳ ಸಂದಿಯಲ್ಲಿ ಹಾದುಹೋಗಿತ್ತು! ಕಾಲಿಗೆ ಒಂದು ಗೀರೂ ಇರಲಿಲ್ಲ. ಇದನ್ನು ಹೆಂಡತಿಗೆ ಓದಿ ಹೇಳಿದೆ. "ಪಾಪ, ಅವನಿಗಾದರೂ ಮೊಳೆ ಅಂತ ಒಂದಿತ್ತು" ಅಂದಳು.

ಕಣ್ಣು ನೋಡುವುದು ಅರ್ಧ, ಮಿಕ್ಕಿದ್ದನ್ನು ಮಿದುಳು ನಮಗೆ ಗೊತ್ತಾಗದ ಹಾಗೆ ಊಹಿಸಿ ತುಂಬುತ್ತದೆ ಎಂದು ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 19ನೇ ಶತಮಾನದಲ್ಲೇ ಹೇಳಿದ್ದ. ನಮ್ಮವರು ಅದಕ್ಕೂ ಎಷ್ಟೋ ಮೊದಲೇ ಹಗ್ಗ-ಹಾವಿನ ದೃಷ್ಟಾಂತ ಕೊಟ್ಟು ಮುಗಿಸಿದ್ದರು. ದೀಪ ಬಂದರೆ ಹಾವು ಹೋಗಿ ಹಗ್ಗ ಉಳಿಯುತ್ತದೆ, ಸರಿ. ಆದರೆ ಕರೆಂಟು ಹೋದ ಒಂದು ರಾತ್ರಿ ಹಿತ್ತಲಲ್ಲಿ ಗಿಡಕ್ಕೆ ನೀರು ಬಿಡುವ ಪೈಪನ್ನು ನೋಡಿ ಬಟ್ಟೆ ಒಗೆಯುವ ಕಲ್ಲು ಹತ್ತಿ ನಿಂತವನನ್ನು ಕೆಳಗಿಳಿಸುವುದು ಹೇಗೆಂದು ಯಾವ ಭಾಷ್ಯಕಾರರೂ ಬರೆದಂತಿಲ್ಲ. ಟಾರ್ಚ್ ಹಿಡಿದು ಬಂದ ಹೆಂಡತಿಯೇ ಕೈ ಕೊಡಬೇಕಾಯಿತು. ನನ್ನ ಮಿದುಳಿನ ಪರವಾಗಿ ಒಂದು ಮಾತು: ಹಗ್ಗವನ್ನು ಹಾವೆಂದರೆ ಮಾನ ಹೋಗುತ್ತದೆ, ಹಾವನ್ನು ಹಗ್ಗವೆಂದರೆ ಪ್ರಾಣವೇ ಹೋಗುತ್ತದೆ. ಮಾನ ಹೋಗುವುದು ನನಗೆ ಅಭ್ಯಾಸವಾಗಿರುವುದರಿಂದ ಅದು ಸರಿಯಾದ ಕಡೆಗೇ ವಾಲಿತ್ತು.

ನಿಜವಾಗಿ ತಲೆ ತಗ್ಗಿಸಬೇಕಾದ ವಿಷಯ ಫ್ರೀಜರಿನಲ್ಲಿದೆ. ಅಲ್ಲಿ ಒಂದು ಐಸ್‌ಕ್ರೀಂ ಡಬ್ಬಿ. ಅದರೊಳಗೆ ಹನ್ನೊಂದು ವರ್ಷಗಳಿಂದ ಇರುವುದು ತೆಂಗಿನ ತುರಿ. ಇದು ನನಗೆ ಗೊತ್ತು. ಆದರೂ ರಾತ್ರಿ ಹನ್ನೊಂದಕ್ಕೆ, ಶುಗರ್ ಗಡಿಯಲ್ಲಿದೆ ಎಂದು ಡಾಕ್ಟರು ಎಚ್ಚರಿಸಿದ ಮೇಲೂ, ಸದ್ದಾಗದಂತೆ ಹೋಗಿ ಮುಚ್ಚಳ ತೆಗೆಯುತ್ತೇನೆ. ಡಬ್ಬಿ ಮೇಲಿನ ಚಿತ್ರ ನೋಡಿದೊಡನೆ ಮನಸ್ಸು ಅರಳುತ್ತದೆ, ತುರಿ ನೋಡಿದೊಡನೆ ಬಾಡುತ್ತದೆ.

ವೋಲ್ಫ್ರಾಂ ಶುಲ್ಟ್ಸ್ ಎಂಬ ವಿಜ್ಞಾನಿ ಇದನ್ನೇ ಮಂಗಗಳಲ್ಲಿ ಅಳೆದರು. ಸೂಚನೆ ಬಂದ ಮೇಲೆ ಹಣ್ಣಿನ ರಸ ಸಿಗುತ್ತದೆಂದು ಕಲಿತ ಮಂಗದ ಡೋಪಮಿನ್ ಕೋಶಗಳು ಸೂಚನೆಗೇ ಚುರುಕಾಗುತ್ತವೆ. ರಸ ಬರಬೇಕಾದ ಗಳಿಗೆಯಲ್ಲಿ ಬರದಿದ್ದರೆ ಸುಮ್ಮನಾಗುತ್ತವೆ. ಏನೂ ನಿರೀಕ್ಷೆಯಿಲ್ಲದಾಗ ರಸ ಸಿಕ್ಕಿದರಂತೂ ಜಾತ್ರೆ. ಹೀಗೆ ಊಹೆಗೂ ನಿಜಕ್ಕೂ ಬೀಳುವ ವ್ಯತ್ಯಾಸದಿಂದಲೇ ಮಿದುಳು ಪಾಠ ಕಲಿಯುತ್ತದೆ. ಮಂಗಗಳು ಕಲಿತವು.

ಕೊನೆಗೆ ನಾನೂ ಕಲಿತೆ. ಡಬ್ಬಿ ಎಂದರೆ ತುರಿ, ತುರಿ ಎಂದರೆ ಚಟ್ನಿ ಎಂದು ದಿನಕ್ಕೆರಡು ಬಾರಿ ಜಪಿಸಿ ಮಿದುಳನ್ನು ತಿದ್ದಿದೆ. ಕಳೆದ ಶನಿವಾರ ರಾತ್ರಿ ಹೆಂಡತಿ, "ಮಲಗೋ ಮುಂಚೆ ಕಾಯಿತುರಿ ಆಚೆ ತೆಗೆದಿಡಿ, ಬೆಳಿಗ್ಗೆ ದೋಸೆಗೆ ಚಟ್ನಿ ಮಾಡ್ತೀನಿ" ಅಂದಳು. ಡಬ್ಬಿ ತೆಗೆದೆ. ಮುಚ್ಚಳ ತೆರೆಯಲಿಲ್ಲ. ಹನ್ನೊಂದು ವರ್ಷದಲ್ಲಿ ಮೊದಲ ಸಲ! ಕಟ್ಟೆಯ ಮೇಲಿಟ್ಟು, ಇಂದ್ರಿಯ ಗೆದ್ದವನ ಹಾಗೆ ನಿದ್ದೆ ಮಾಡಿದೆ.

ಬೆಳಿಗ್ಗೆ ಅಡುಗೆಮನೆಯಿಂದ ಮಗಳ ಕೂಗು ಕೇಳಿಸಿತು. "ಅಪ್ಪಾ! ನಿನ್ನೆ ಸಂಜೆ ತಂದ ಬಟರ್‌ಸ್ಕಾಚ್ ಅದು!"

ತೆಂಗಿನ ತುರಿ ಅದರ ಹಿಂದೆ, ಸ್ಟೀಲ್ ಡಬ್ಬಿಯಲ್ಲಿತ್ತು. ಕಲ್ಲಿನಂತೆ ಗಟ್ಟಿಯಾಗಿತ್ತು.

ಹೆಂಡತಿ ಒಂದು ಮಾತೂ ಆಡಲಿಲ್ಲ. ತಟ್ಟೆಗೆ ದೋಸೆ ಹಾಕಿದಳು. ಪಕ್ಕದಲ್ಲಿ ಬಟ್ಟಲಿಟ್ಟು, ಕರಗಿ ಪಾಯಸದಂತಾಗಿದ್ದ ಬಟರ್‌ಸ್ಕಾಚನ್ನು ಸೌಟಿನಲ್ಲಿ ಬಡಿಸಿದಳು.

"ನಂಚ್ಕೊಳ್ಳಿ" ಅಂದಳು.

ಶುಗರಿನ ವಿಷಯ ಇಬ್ಬರಲ್ಲಿ ಯಾರೂ ಎತ್ತಲಿಲ್ಲ. ತಲೆಯೊಳಗೆ ಸಣ್ಣದೊಂದು ಜಾತ್ರೆ ಶುರುವಾಗಿತ್ತು. ಅದು ಮುಖದಲ್ಲಿ ಕಾಣದಿರಲೆಂದು ತಲೆ ತಗ್ಗಿಸಿ ಇನ್ನೊಂದು ದೋಸೆ ಕೇಳಿದೆ.