ಕುಂಬಿ ಮೇಲಿನ ವೈರು

ತಾವರಗೇರಾದಲ್ಲಿ ಮನೆ ಬದಲಿಸುವುದು ದೊಡ್ಡ ಕೆಲಸವೇನಲ್ಲ. ಅಮಾವಾಸ್ಯೆ, ಆಷಾಢ, ಮಂಗಳವಾರ ಇಷ್ಟನ್ನು ತಪ್ಪಿಸಿದರೆ ಉಳಿದದ್ದೆಲ್ಲ ಒಂದು ಟ್ರ್ಯಾಕ್ಟರ್ ಟ್ರೇಲಿಯ ಮಾತು. ಕಬ್ಬಿಣದ ತಿಜೋರಿ, ಗಾದಿ, ಗ್ಯಾಸ್ ಸಿಲಿಂಡರು, ಯಾರೂ ಬೀಸದಿದ್ದರೂ ಯಾರೂ ಬಿಟ್ಟುಬರಲೊಲ್ಲದ ಬೀಸುಕಲ್ಲು ಎಲ್ಲವೂ ಮಧ್ಯಾಹ್ನದ ಊಟದೊಳಗೆ ಹೊಸ ಬಾಡಿಗೆ ಮನೆ ಸೇರಿದವು. ನಮ್ಮಾಕೆ ಹಾಲು ಉಕ್ಕಿಸಿದಳು. ತೂಕವೇ ಇಲ್ಲದ ಇಂಟರ್ನೆಟ್ಟು ಮಾತ್ರ ಬರಲಿಲ್ಲ.

ಬೆಂಗಳೂರಿನ ಕಂಪನಿಯ ಕೆಲಸವನ್ನು ಮನೆಯಲ್ಲೇ ಕುಳಿತು ಮಾಡುವ ಮಗ ಹಾಲನ್ನು ಮುಟ್ಟದೆ ಗೋಡೆಗಳನ್ನು ನೋಡುತ್ತಿದ್ದ. ಇಂಟರ್ನೆಟ್ಟಿಗೆ ಆರು ತಿಂಗಳ ಹಣ ಮುಂಗಡ ಕಟ್ಟಿದ್ದೆವು. ಹಾಗಾಗಿ ಕರಾರು ನಮ್ಮ ಜೊತೆ ಆಗಿದೆ ಎಂದೇ ನನ್ನ ನಂಬಿಕೆ. ಆದರೆ ಇಂಟರ್ನೆಟ್ ಕಂಪನಿಯ ಲೆಕ್ಕದಲ್ಲಿ ಗಿರಾಕಿ ನಾನಲ್ಲ, ಹಳೆಯ ಮನೆಯ ಮುಂದಿನ ಕೆಇಬಿ ಕಂಬ. (ಮಂಡಳಿ ಹೋಗಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ಜೆಸ್ಕಾಂ ಬಂತು. ಕಂಬ ಮಾತ್ರ ನಮ್ಮ ಬಾಯಲ್ಲಿ ಕೆಇಬಿಯಾಗಿಯೇ ನಿಂತಿದೆ.) ನಾನು ಹೋಗಬಹುದು, ಕಂಬ ಬರುವುದಿಲ್ಲ.

ಮೊಬೈಲಿನವರಿಗೆ ಈ ತಾಪತ್ರಯ ಇಲ್ಲ. ನಮ್ಮ ಕಡೆಯಿಂದ ದುಡಿಮೆಗೆ ಗುಳೇ ಹೋಗುವವರ ಕಿಸೆಯಲ್ಲಿ ನಂಬರು ಆರಾಮವಾಗಿ ಪ್ರಯಾಣ ಮಾಡುತ್ತದೆ. 2011ರ ಜನವರಿ 20ರಿಂದ ದೇಶದ ಯಾವ ಮೂಲೆಯಲ್ಲೂ ನಂಬರು ಉಳಿಸಿಕೊಂಡು ಕಂಪನಿ ಬದಲಿಸಬಹುದು. 2015ರ ಜುಲೈ 3ರಿಂದ ರಾಜ್ಯ ದಾಟಿದರೂ ನಡೆಯುತ್ತದೆ. ಗೋವಾದಲ್ಲಿ ಗಾರೆ ಕಲಸುವ ಹುಡುಗ ಊರಿನ ನಂಬರನ್ನೇ ಇಟ್ಟುಕೊಂಡು ಅಲ್ಲಿಯ ಗಿರಾಕಿಯಾಗುತ್ತಾನೆ. ಎರಡು ಓಣಿ ದಾಟಿದ ನಾನು ಅರ್ಜಿದಾರನಾದೆ.

ಅರ್ಜಿ ಆ್ಯಪಿನಲ್ಲೇ ಹಾಕಬೇಕು. ಹೊಸ ಪಿನ್‌ಕೋಡ್ ಕೇಳಿತು, ಕೊಟ್ಟೆ. ಎರಡೂ ವಿಳಾಸ ಒಂದೇ ಇವೆ, ಬದಲಿಸುವ ಅಗತ್ಯವಿಲ್ಲ ಎಂದಿತು. 1972ರ ಆಗಸ್ಟ್ 15ರಂದು ಹುಟ್ಟಿದ ಪಿನ್‌ಕೋಡಿಗೆ ಅಂಚೆ ಕಚೇರಿ ಗೊತ್ತು, ಓಣಿ ಗೊತ್ತಿಲ್ಲ. ಅದು ಅದರ ತಪ್ಪಲ್ಲ. ಪೋಸ್ಟ್‌ಮನ್‌ಗೆ ಓಣಿ ಗೊತ್ತಿರುತ್ತದೆ ಎಂಬ ಭರವಸೆಯ ಮೇಲೆ ನಿಂತ ವ್ಯವಸ್ಥೆ ಅದು. ಆ್ಯಪಿಗೆ ಪೋಸ್ಟ್‌ಮನ್ ಇಲ್ಲವಲ್ಲ.

ಸಹಾಯವಾಣಿಗೆ ಫೋನ್ ಮಾಡಿದೆ. ಒಂದನ್ನು ಒತ್ತಿ, ಎರಡನ್ನು ಒತ್ತಿ, ಕೊಳಲು ಕೇಳಿ ಎಲ್ಲ ಮುಗಿದ ಮೇಲೆ ಒಬ್ಬ ತಾಯಿ ಸಿಕ್ಕರು. ಊರಿನ ಹೆಸರು ಹೇಳಿದೆ.

"ತಾವರೆಕೆರೆನಾ ಸರ್? ಮಾಗಡಿ ರೋಡಾ, ಬಿಟಿಎಂ ಪಕ್ಕದ್ದಾ?"

"ಕೊಪ್ಪಳ ಜಿಲ್ಲೆ, ಕುಷ್ಟಗಿ ತಾಲೂಕು ಅವ್ವಾ. ತಾವರಗೇರಾ."

"ಸರಿ ಸರ್, ಬರ್ಕೊಂಡಿದೀನಿ."

ಬರೆದುಕೊಂಡದ್ದು ಮಾಗಡಿ ರೋಡು. ಮರುದಿನ ಬೆಳಿಗ್ಗೆ ಬೆಂಗಳೂರಿನಿಂದ ಒಬ್ಬ ಫೋನ್ ಮಾಡಿ, "ಸರ್, ನಿಮ್ಮ ಗೇಟ್ ಹತ್ರಾನೇ ಇದೀನಿ, ಯಾವ ಕಲರ್ ಮನೆ?" ಅಂದ. ಅವನಿದ್ದ ಗೇಟಿಗೂ ನನ್ನ ಬಾಗಿಲಿಗೂ ನಡುವೆ ತುಂಗಭದ್ರೆ ಹರಿಯುತ್ತಾಳೆ ಎಂದು ತಿಳಿಸಿದೆ. "ಹಂಗಾದ್ರೆ ನಾಳೆ ಬರ್ತೀನಿ ಸರ್" ಎಂದು ಇಟ್ಟ.

ಕೊನೆಗೆ ಕೆಲಸ ಹಿಡಿದವನು ಊರಿನ ಕೇಬಲ್ ಹುಡುಗನೇ, ನನ್ನ ಹಳೆಯ ವಿದ್ಯಾರ್ಥಿ. ಬಂದವನು ಹೊಸ ಓಣಿಯ ಕಂಬದ ಡಬ್ಬಿ ತೆರೆದು, "ಪೋರ್ಟ್ ಖಾಲಿ ಇಲ್ರೀ ಸರ" ಅಂದ. ಒಂದು ಎಳೆಯಲ್ಲಿ ಬಂದ ಬೆಳಕನ್ನು ಆ ಡಬ್ಬಿ ಎಂಟು ಮನೆಗೆ ಹಂಚುತ್ತದೆಯಂತೆ. ಎರಡು ಮಾಡಿದಾಗ ಅರ್ಧ, ಎಂಟು ಮಾಡಿದಾಗ ಎಂಟನೇ ಒಂದು. ಇನ್ನೂ ಮುಂದಕ್ಕೆ ಎಳೆದರೆ, ತಿರುವಿನಲ್ಲಿ ಬಗ್ಗಿಸಿದರೆ, ಜೋಡಿಸಿದರೆ ಮತ್ತಷ್ಟು ಸೋರಿಕೆ. ಅವನ ಮೀಟರಿನಲ್ಲಿ ಬೆಳಕನ್ನು ಮೈನಸ್ಸಿನಲ್ಲೇ ಅಳೆಯುತ್ತಾರೆ. ಮೈನಸ್ 27ಕ್ಕಿಂತ ಕೆಳಗೆ ಹೋದರೆ ಮನೆಯೊಳಗಿನ ಡಬ್ಬಿಯಲ್ಲಿ ಕೆಂಪು ದೀಪ ಹತ್ತುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗದ ರೈತರ ಗೋಳು ಪೇಪರಿನಲ್ಲಿ ಓದಿದವರಿಗೆ ಇದನ್ನು ವಿವರಿಸಬೇಕಿಲ್ಲ: ಮುನಿರಾಬಾದಿನಲ್ಲಿ ತುಂಬಿ ಹೊರಟದ್ದು ತಳಕ್ಕೆ ಬರುವಷ್ಟರಲ್ಲಿ ಹಾದಿಯವರ ಪಾಲಾಗಿರುತ್ತದೆ.

"ಹಿಂದಿನ ಓಣ್ಯಾಗ ಒಂದು ಖಾಲಿ ಐತ್ರಿ. ಅಲ್ಲಿಂದ ಮಾಳಗಿ ಮ್ಯಾಲಿಂದ ಎಳಕೊಂಡು ಬರಬೇಕ್ರಿ" ಅಂದ.

ಮನೆ ಬದಲಿಸುವ ಕೆಲಸ ನಿಜಕ್ಕೂ ಶುರುವಾದದ್ದು ಇಲ್ಲಿಂದ. ಕಂಪನಿಯ ಕರಾರಿನಲ್ಲಿ ಸಣ್ಣ ಅಕ್ಷರದ ಷರತ್ತುಗಳು ಬೇಕಾದಷ್ಟಿವೆ, ಮಾಳಿಗೆಯ ಪ್ರಸ್ತಾಪ ಒಂದರಲ್ಲೂ ಇಲ್ಲ. ನಮ್ಮ ಮನೆಗಳು ಒಂದಕ್ಕೊಂದು ಒರಗಿಕೊಂಡು ನಿಂತಿರುವುದರಿಂದ ನೆಲಕ್ಕಿಳಿಯದೆ ಓಣಿ ದಾಟಬಹುದು. ಆದರೆ ಪ್ರತಿ ಕುಂಬಿಗೂ ಒಬ್ಬ ಒಡೆಯ. ಮೊದಲ ಮನೆಯ ದರ್ಜಿ ಚಹಾ ಕೊಟ್ಟು ಕಳಿಸಿದ. ಎರಡನೆಯ ಮನೆಗೆ ಕೀಲಿ, ಯಜಮಾನರು ಗಂಗಾವತಿಯಲ್ಲಿ. ಫೋನಿನಲ್ಲಿ ಹೂಂ ಅಂದರು. ಮೂರನೆಯ ಮಾಳಿಗೆಯಲ್ಲಿ ಶಾವಿಗೆ ಒಣಗುತ್ತಿತ್ತು, ಅದರ ಪಕ್ಕದಲ್ಲಿ ಕೋಲು ಹಿಡಿದು ಅಜ್ಜಿ ಕುಳಿತಿದ್ದಳು. ಕೋಲು ಮಂಗಗಳಿಗೆ ಎಂದುಕೊಂಡಿದ್ದೆ.

"ಕರೆಂಟಿನ ವೈರು ನನ್ನ ಮನಿ ಮ್ಯಾಲ ಬ್ಯಾಡ."

"ಕರೆಂಟ್ ಇಲ್ಲಬೇ ಇದರಾಗ. ಒಳಗ ಬರೇ ಗಾಜು, ಬೆಳಕು ಹೋಗ್ತತಿ" ಅಂದ ಹುಡುಗ.

"ಎಲ್ಲೈತಿ ಬೆಳಕು?"

"ಕಣ್ಣಿಗೆ ಕಾಣಂಗಿಲ್ಲಬೇ."

ಅಜ್ಜಿ ನನ್ನ ಮುಖ ನೋಡಿದಳು. ಕಾಣದ ಬೆಳಕಿಗೆ ಆರು ತಿಂಗಳ ದುಡ್ಡು ಮುಂಗಡ ಕೊಟ್ಟ ಮನುಷ್ಯ ಶಾಲೆಯಲ್ಲಿ ಮಕ್ಕಳಿಗೆ ಏನು ಕಲಿಸುತ್ತಾನೆ ಎಂಬ ಸಂಶಯ ಆ ನೋಟದಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಹುಡುಗ ಹೇಳಿದ್ದಂತೂ ನಿಜ. ಆ ಎಳೆಯಲ್ಲಿ ಮನೆಗೆ ಬರುವುದು 1490 ನ್ಯಾನೋಮೀಟರಿನ ಬೆಳಕು, ಮನುಷ್ಯರ ಕಣ್ಣಿಗೆ ನಿಲುಕುವ ಬಣ್ಣಗಳ ಆಚೆಗಿನದು. ಅದನ್ನು ಅಜ್ಜಿಗೆ ಹೇಳಿ ಒಪ್ಪಿಸುವ ಧೈರ್ಯ ನನಗೆ ಬರಲಿಲ್ಲ.

"ಆತು. ನಿಮ್ಮ ವೈರು ನನ್ನ ಕುಂಬಿ ಮ್ಯಾಲ ಹಾಯ್ತತಿ. ನನಗೇನು ಕೊಡ್ತೀರಿ ಮಾಸ್ತರ?"

ಹೊಲದ ದಾರಿಗೆ ಜಗಳಾಡಿ ಗೆದ್ದ ಮನೆತನದ ಪ್ರಶ್ನೆ ಇದು. ಬಾಡಿಗೆ ಕೊಡುವುದೋ, ಕಾಣಿಕೆ ಕೊಡುವುದೋ ಎಂದು ಯೋಚಿಸುವಷ್ಟರಲ್ಲಿ ಅಜ್ಜಿಯೇ ಇತ್ಯರ್ಥ ಮಾಡಿದಳು. ಮಗ ಸೊಸೆ ಗೋವಾದಲ್ಲಿದ್ದಾರೆ. ದಿನಾ ಸಂಜೆ ಮೊಮ್ಮಗಳ ಮುಖ ನೋಡಬೇಕು, ನೆಟ್ ಪ್ಯಾಕು ತಿಂಗಳ ತುದಿಗೆ ಮುಟ್ಟುವುದಿಲ್ಲ. ಆದ್ದರಿಂದ ಪಾಸ್‌ವರ್ಡು. ಎರಡನೆಯ ಷರತ್ತು, ಶಾವಿಗೆ, ಹಪ್ಪಳ, ಸಂಡಿಗೆಯ ದಿನಗಳಲ್ಲಿ ರಿಪೇರಿಗೆಂದು ಯಾರೂ ಮೇಲೆ ಕಾಲಿಡಕೂಡದು. ಕಾಗದ ಇಲ್ಲ, ಒಟಿಪಿ ಇಲ್ಲ, ಎರಡು ನಿಮಿಷದಲ್ಲಿ ಕರಾರು ಮುಗಿಯಿತು. ಕಂಪನಿಗಳು ಒಬ್ಬ ಅಧಿಕಾರಿಯನ್ನು ತರಬೇತಿಗೆ ಇವಳ ಬಳಿ ಕಳಿಸಿದರೆ ನಷ್ಟವೇನಿಲ್ಲ ಎಂದು ನನ್ನ ಖಾಸಗಿ ಅಭಿಪ್ರಾಯ.

ಸಂಜೆಗೆ ಹಸಿರು ದೀಪ ಹತ್ತಿತು. ಮಗ ಬೆಂಗಳೂರಿನ ಮೀಟಿಂಗಿಗೆ, ಅಜ್ಜಿ ಗೋವಾಕ್ಕೆ ಏಕಕಾಲಕ್ಕೆ ಹೋದರು.

ಮುಂದಿನ ಸೋಮವಾರ ಕೆಂಪು ದೀಪ. ಹುಡುಗ ಬಂದು ಮೀಟರು ಹಚ್ಚಿದ. "ಮೈನಸ್ ಮೂವತ್ತರ ಮ್ಯಾಲ ಹೋಗೇತ್ರಿ ಸರ, ಎಲ್ಲೋ ವೈರು ಬಾಗೇತಿ" ಅಂದ. ಮೇಲೆ ಹತ್ತಿ ನೋಡಿದರೆ ಎರಡು ಕುಂಬಿಗಳ ನಡುವೆ ಬಿಗಿಯಾಗಿ ಎಳೆದ ನಮ್ಮ ವೈರಿನ ಮೇಲೆ ಹಿಂಡದೆ ಹಾಕಿದ ಇಳಕಲ್ ಸೀರೆ. ತುಂಬ ಶುದ್ಧವಾದ ಗಾಜಿನ ಎಳೆ ಸಿಕ್ಕರೆ ಬೆಳಕನ್ನು ಹತ್ತಾರು ಮೈಲಿ ಕಳಿಸಬಹುದೆಂದು 1966ರಲ್ಲಿ ಲೆಕ್ಕ ಹಾಕಿ ತೋರಿಸಿದವರು ಚಾರ್ಲ್ಸ್ ಕಾವೋ. 2009ರಲ್ಲಿ ಅವರಿಗೆ ನೊಬೆಲ್ ಬಂತು. ಒದ್ದೆ ಇಳಕಲ್ ಸೀರೆಯ ತೂಕ ಆ ಲೆಕ್ಕದಲ್ಲಿ ಇರಲಿಕ್ಕಿಲ್ಲ. ಸೀರೆ ತೆಗೆಯಿರಿ ಎಂದು ಹೇಳಲು ಹೋದವನಿಗೆ ಅಜ್ಜಿ, "ಕುಂಬಿ ನಂದೋ ನಿಮ್ಮದೋ?" ಎಂದಳು. ಈಗ ನೆಟ್ ಹೋದರೆ ನಾವು ಸಹಾಯವಾಣಿಗೆ ಫೋನ್ ಮಾಡುವುದಿಲ್ಲ. ವಾರ ಯಾವುದು ಎಂದು ನೋಡುತ್ತೇವೆ. ಮಗ ತನ್ನ ಸೋಮವಾರದ ಮೀಟಿಂಗುಗಳನ್ನು ಮಧ್ಯಾಹ್ನಕ್ಕೆ ಹಾಕಿಸಿಕೊಂಡಿದ್ದಾನೆ. ನಮ್ಮ ಬಿಸಿಲಿಗೆ ಸೀರೆ ಒಣಗಲು ಅಷ್ಟು ಹೊತ್ತು ಧಾರಾಳ ಸಾಕು.

ಈ ನಡುವೆ ಮತ್ತೆ ಮಾಗಡಿ ರೋಡಿನವನ ಫೋನು. ನನ್ನ ದೂರು ಇನ್ನೂ ಅವನ ಹೆಸರಿನಲ್ಲೇ ಬಾಕಿ ಇದೆಯಂತೆ, ಮೇಲಿನವರು ಬೈಯುತ್ತಿದ್ದಾರಂತೆ. "ನೆಟ್ ಬಂತಲ್ಲ ಸರ್? ಕೆಲಸ ಆಯ್ತು ಅಂತ ಒಂದು ಒಟಿಪಿ ಬರುತ್ತೆ, ಹೇಳಿಬಿಡಿ, ಐದು ಸ್ಟಾರ್ ಕೊಡಿ" ಅಂದ. ದನಿ ಕೇಳಿದರೆ ನನ್ನ ಮಗನಿಗಿಂತ ಚಿಕ್ಕವನು. ಹೇಳಿದೆ, ಸ್ಟಾರೂ ಕೊಟ್ಟೆ.

ಈ ತಿಂಗಳ ಬಿಲ್ಲು ಬಂದಿದೆ. ಅದರ ಪ್ರಕಾರ ನಮ್ಮ ಸ್ಥಳಾಂತರ ಯಶಸ್ವಿಯಾಗಿದೆ, ನಾವು ಬೆಂಗಳೂರಿನ ತಾವರೆಕೆರೆಯಲ್ಲಿ ವಾಸವಾಗಿದ್ದೇವೆ. ಸರಿಪಡಿಸಲು ಫೋನ್ ಎತ್ತಿಕೊಂಡಿದ್ದೆ, ನಮ್ಮಾಕೆ ಕಸಿದುಕೊಂಡಳು. ಮಗನಿಗೆ ಹೆಣ್ಣು ನೋಡುತ್ತಿದ್ದೇವೆ, ಬೆಂಗಳೂರಿನಲ್ಲಿ ಮನೆ ಇದೆಯೇ ಎಂದು ಎಲ್ಲರೂ ಕೇಳುತ್ತಾರೆ, ತೋರಿಸಲಿಕ್ಕೆ ಒಂದು ಕಾಗದವಾದರೂ ಇರಲಿ ಎಂದಳು.